ವೈಫೈ ಮುಟ್ಟಿಸಿಕೊಂಡು ಹೋಗು

2023ರ ಜುಲೈ ತಿಂಗಳಲ್ಲಿ, ಒಂದು ದಿನದ ಅಂತರದಲ್ಲಿ, ಕರ್ನಾಟಕದ ಜನಕ್ಕೆ ಎರಡು ಕಡೆಯಿಂದ ಒಂದೇ ಪ್ರಶ್ನೆ ಬಂತು. 19ನೇ ತಾರೀಕು ರಾಜ್ಯ ಸರ್ಕಾರ ಗೃಹಲಕ್ಷ್ಮಿ ಯೋಜನೆಗೆ ನೋಂದಣಿ ಶುರುಮಾಡಿ, ನಿಮ್ಮ ಮನೆಯ ಯಜಮಾನಿ ಯಾರು ಎಂದು ಕೇಳಿತು. 20ನೇ ತಾರೀಕು ಕ್ಯಾಲಿಫೋರ್ನಿಯಾದ ನೆಟ್‌ಫ್ಲಿಕ್ಸ್ ಕಂಪನಿ, ಒಂದು ಖಾತೆ ಒಂದು ಮನೆಯವರಿಗೆ ಮಾತ್ರ ಎನ್ನುವ ತನ್ನ ನಿಯಮವನ್ನು ಭಾರತದಲ್ಲೂ ಜಾರಿಗೆ ತಂದಿತು. ಒಬ್ಬರು ತಿಂಗಳಿಗೆ 2,000 ರೂಪಾಯಿ ಕೊಡುವವರು, ಇನ್ನೊಬ್ಬರು ದೊಡ್ಡ ಪ್ಲಾನಿಗೆ ತಿಂಗಳಿಗೆ 649 ರೂಪಾಯಿ ಕೀಳುವವರು. ಕೊಡುವವರಿಗೂ ಕೀಳುವವರಿಗೂ ಗೊತ್ತಾಗಬೇಕಿದ್ದದ್ದು ಇಷ್ಟೇ: ಈ ಮನೆಯಲ್ಲಿ ಯಾರ್ಯಾರಿದ್ದೀರಿ?

ಸರ್ಕಾರದ ಪ್ರಶ್ನೆಗೆ ಉತ್ತರ ಸಲೀಸಾಗಿ ಸಿಗಲಿಲ್ಲ. ಹಣ ಅತ್ತೆಗೋ ಸೊಸೆಗೋ ಎನ್ನುವುದು ಟಿವಿ ಚರ್ಚೆಯವರೆಗೂ ಹೋಯಿತು. ರೇಷನ್ ಕಾರ್ಡಿನಲ್ಲಿ ಯಾರು ಯಜಮಾನಿಯೋ ಅವರಿಗೇ ಎಂದು ಹೇಳಿ ಸರ್ಕಾರ ಕೈತೊಳೆದುಕೊಂಡಿತು. ಇನ್ನೇನು ಮಾಡೀತು, ಪ್ರತಿ ಅಡುಗೆಮನೆಗೂ ಬಂದು ಪಂಚಾಯ್ತಿಗೆ ಕೂರಲಾದೀತೆ? ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ‘ನಂದೇನು ಬಿಡಿ, ಮಗ ಸೊಸೆ ಮನೇಲಿ ಒಂದು ಮೂಲೇಲಿ ಬಿದ್ದಿರ್ತೀನಿ’ ಎನ್ನುವುದು ಅವರ ಬಹುಕಾಲದ ಪಲ್ಲವಿ. ಆ ವಾರ ಜಗಲಿಯ ಮೇಲೆ ನೆಟ್ಟಗೆ ಕೂತು, ಹೋಗುವವರನ್ನೂ ಬರುವವರನ್ನೂ ನಿಲ್ಲಿಸಿ, ‘ಕಾರ್ಡು ನನ್ನ ಹೆಸರಲ್ಲೇ ಇರೋದು’ ಎಂದು ತಿಳಿಸಿದರು.

ನಮ್ಮ ಮನೆಯಲ್ಲಿ ರೇಷನ್ ಕಾರ್ಡಿನ ತಕರಾರಿರಲಿಲ್ಲ. ಎದ್ದದ್ದು ಸಿನಿಮಾ-ಸೀರಿಯಲ್ ನೋಡುವ ಆಪ್‌ನ ತಕರಾರು. ಯಾವ ಆಪ್ ಎಂದು ಹೇಳುವುದಿಲ್ಲ. ಎಲ್ಲ ಆಪ್‌ಗಳ ಬುದ್ಧಿಯೂ ಹೆಚ್ಚುಕಮ್ಮಿ ಒಂದೇ. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಮೊದಲ ಸಂಬಳದಲ್ಲಿ ಅಪ್ಪನಿಗೊಂದು ಅಂಗಿ, ಅಮ್ಮನಿಗೊಂದು ಸೀರೆ, ಮನೆಗೆ ಈ ಖಾತೆ ತಂದಳು. ಅವಳಿರುವುದು ಪಿಜಿಯಲ್ಲಿ, ಅಲ್ಲಿ ಅವಳದ್ದೊಂದು ಮಂಚ, ಅರ್ಧ ಕಪಾಟು. ಟಿವಿ ಇರುವುದು ಮೈಸೂರಿನ ನಮ್ಮ ಮನೆಯಲ್ಲಿ. ಖಾತೆಯೊಳಗೆ ಐದು ಪ್ರೊಫೈಲು: ಮಗಳದ್ದೊಂದು, ‘ಅಪ್ಪ ಅಮ್ಮ’ ಎಂದು ನಮ್ಮಿಬ್ಬರಿಗೂ ಸೇರಿ ಒಂದು, ಶಿವಮೊಗ್ಗದ ಅಕ್ಕನದ್ದೊಂದು, ಮಂಗಳೂರಿನ ಹಾಸ್ಟೆಲಿನಲ್ಲಿರುವ ಚಿಕ್ಕಮ್ಮನ ಮೊಮ್ಮಗನದ್ದೊಂದು, ಐದನೆಯದು ‘ಕಿಡ್ಸ್’. ನಮ್ಮ ಪೈಕಿ ಯಾರ ಮನೆಯಲ್ಲೂ ಚಿಕ್ಕ ಮಕ್ಕಳಿಲ್ಲ. ಆದರೂ ಕಿಡ್ಸ್‌ನಲ್ಲಿ ಯಾರೋ ದಿನವೂ ಮಧ್ಯಾಹ್ನ ಊಟದ ಹೊತ್ತಿಗೆ ಕಾರ್ಟೂನ್ ನೋಡುತ್ತಿದ್ದರು. ವಿಚಾರಿಸಿದರೆ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ನಮ್ಮ ಭಾವ! ‘ಅದ್ರಲ್ಲಿ ಯಾರೂ ಸಾಯಲ್ಲ ನೋಡಯ್ಯ’ ಎಂದರು.

ಹಂಚಿಕೊಂಡ ಖಾತೆಯಲ್ಲಿ ಮುಖ್ಯವಾದದ್ದು ಸಿನಿಮಾ ಅಲ್ಲ, ಅರ್ಧ ನೋಡಿ ಬಿಟ್ಟದ್ದನ್ನು ಸಾಲಾಗಿ ತೋರಿಸುತ್ತದಲ್ಲ, ಆ ಪಟ್ಟಿ. ನನ್ನ ಹೆಂಡತಿಗೆ ಅದು ದಿನಪತ್ರಿಕೆ. ಬೆಳಿಗ್ಗೆ ಕಾಫಿಯಾದ ಮೇಲೆ ಟಿವಿ ಹಚ್ಚಿ, ಪ್ರೊಫೈಲಿನಿಂದ ಪ್ರೊಫೈಲಿಗೆ ಹೋಗಿ ಬರುತ್ತಾಳೆ. ‘ಹುಡುಗ ರಾತ್ರಿಯಿಡೀ ಫುಟ್‌ಬಾಲಿಂದು ಏನೋ ನೋಡಿದಾನೆ, ಇಂಟರ್ನಲ್ಸ್ ಇದೆ ಅಂದಿದ್ದ’ ಎಂದು ಒಂದು ವರದಿ. ‘ನಿಮ್ಮಕ್ಕ ಆ ಕೊರಿಯಾ ಸೀರಿಯಲ್ಲಲ್ಲಿ ಮೊನ್ನೆ ಆರನೇ ಕಂತಲ್ಲಿದ್ರು, ಇವತ್ತು ಹದಿಮೂರಕ್ಕೆ ಹೋಗಿದಾರೆ. ನಿದ್ದೆ ಬಂದಿಲ್ಲ. ಮಂಡಿನೋವು ಜಾಸ್ತಿಯಾಗಿರ್ಬೇಕು, ಫೋನ್ ಮಾಡಿ’ ಎಂದು ಇನ್ನೊಂದು. ಮಾಡಿದರೆ, ಹೌದು, ಮಂಡಿನೋವು. ‘ನಿಂಗ್ಯಾರೋ ಹೇಳಿದ್ದು?’ ಎಂದು ಅಕ್ಕನಿಗೆ ಆಶ್ಚರ್ಯ. ಅಕ್ಕ ತನ್ನ ನೋವನ್ನು ತಾನಾಗಿ ಹೇಳಿಕೊಳ್ಳುವವಳಲ್ಲ. ಕಂತುಗಳ ಲೆಕ್ಕ ಹಿಡಿದು ಕಾಯಿಲೆ ಪತ್ತೆ ಮಾಡುವ ವೈದ್ಯಶಾಸ್ತ್ರ ನಮ್ಮ ಮನೆಯಲ್ಲಿ ಹೀಗೆ ಬೆಳೆಯಿತು.

ಪಾಸ್‌ವರ್ಡ್ ಹಂಚುವುದು ತಪ್ಪೆಂದು ಮೊದಮೊದಲು ಯಾವ ಕಂಪನಿಯೂ ಗದರಿರಲಿಲ್ಲ. 1997ರಲ್ಲಿ ಹುಟ್ಟಿದ ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ ಅಂಚೆಯ ಮೂಲಕ ಡಿವಿಡಿ ಬಾಡಿಗೆಗೆ ಕಳಿಸುತ್ತಿದ್ದ ಕಂಪನಿ. ಕೆಂಪು ಲಕೋಟೆಯಲ್ಲಿ ಬಂದ ಡಿವಿಡಿಯನ್ನು ಪಕ್ಕದ ಮನೆಯವರೂ ನೋಡಿದರೇ ಎಂದು ಕೇಳುವವರು ಯಾರು? 2007ರಲ್ಲಿ ಸ್ಟ್ರೀಮಿಂಗ್ ಶುರುವಾಯಿತು, 2016ರ ಜನವರಿಯಲ್ಲಿ ಅದು ಭಾರತಕ್ಕೂ ಬಂತು. ಅಷ್ಟರಲ್ಲಿ, 2014ರಲ್ಲೇ, ಅಮೆರಿಕದ ಎಚ್‌ಬಿಒ ಚಾನೆಲ್‌ನ ಆಗಿನ ಮುಖ್ಯಸ್ಥ ರಿಚರ್ಡ್ ಪ್ಲೆಪ್ಲರ್ ಪಾಸ್‌ವರ್ಡ್ ಹಂಚಿಕೆ ತಮಗೆ ಒಳ್ಳೆಯ ಪ್ರಚಾರ ಎನ್ನುವ ಅರ್ಥದ ಮಾತಾಡಿದ್ದರು. ನೆಟ್‌ಫ್ಲಿಕ್ಸ್ ಅಂತೂ 2017ರ ಮಾರ್ಚಿನಲ್ಲಿ, ಪ್ರೀತಿಯೆಂದರೆ ಪಾಸ್‌ವರ್ಡ್ ಹಂಚಿಕೊಳ್ಳುವುದು ಎಂದೇ ಟ್ವೀಟ್ ಮಾಡಿತ್ತು. ಮದುವೆಗೆ ಮುಂಚಿನ ಮಾತುಗಳಿಗೆ ಆಮೇಲೆ ಆಗುವ ಗತಿಯೇ ಅದಕ್ಕೂ ಆಯಿತು. 2022ರ ಏಪ್ರಿಲಿನಲ್ಲಿ ಕಂಪನಿ ತನ್ನ ಲೆಕ್ಕ ಮುಂದಿಟ್ಟಿತು: ಮೂರು ತಿಂಗಳಲ್ಲಿ 2 ಲಕ್ಷ ಚಂದಾದಾರರು ಕಡಿಮೆಯಾಗಿದ್ದಾರೆ, ಹಣ ಕೊಡುವ ಮನೆಗಳು ಸುಮಾರು 22 ಕೋಟಿ, ಅವರಿವರ ಪಾಸ್‌ವರ್ಡಿನಲ್ಲಿ ನೋಡುವ ಮನೆಗಳು 10 ಕೋಟಿಗೂ ಹೆಚ್ಚು. ಹತ್ತು ವರ್ಷಕ್ಕೂ ಮೇಲ್ಪಟ್ಟು ಏರುತ್ತಲೇ ಇದ್ದ ಚಂದಾದಾರರ ಸಂಖ್ಯೆ ಇಳಿದದ್ದನ್ನು ಕಂಡು ಷೇರು ಬೆಲೆ ಒಂದೇ ದಿನಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು. ಪ್ರೀತಿ ಅಲ್ಲಿಗೆ ಮುಗಿಯಿತು.

ಮನೆಯಾಚೆಯವರಿಗೂ ಹಣ ಕೇಳುವ ಪ್ರಯೋಗ ಅದಾಗಲೇ ಚಿಲಿ, ಪೆರು, ಕೋಸ್ಟರಿಕಾಗಳಲ್ಲಿ ಶುರುವಾಗಿತ್ತು. 2023ರ ಮೇ ತಿಂಗಳಲ್ಲಿ ಅಮೆರಿಕ ಸೇರಿದಂತೆ ನೂರಕ್ಕೂ ಹೆಚ್ಚು ದೇಶಗಳಿಗೆ ಬಂತು. ಅಮೆರಿಕದಲ್ಲಿ ತಿಂಗಳಿಗೆ 7.99 ಡಾಲರ್ ಹೆಚ್ಚಿಗೆ ಕೊಟ್ಟರೆ ಮನೆಯಾಚೆಯ ಒಬ್ಬರನ್ನು ಸೇರಿಸಿಕೊಳ್ಳಬಹುದಿತ್ತು. ಭಾರತಕ್ಕೆ ಆ ಸೌಲಭ್ಯವನ್ನೂ ಕೊಡಲಿಲ್ಲ, ಇಲ್ಲಿ ದರವನ್ನು 2021ರಲ್ಲೇ ಇಳಿಸಿಯಾಗಿದೆ, 149 ರೂಪಾಯಿಗೂ ಮೊಬೈಲ್ ಪ್ಲಾನ್ ಸಿಗುತ್ತದೆ ಎನ್ನುವ ಧೋರಣೆ. ಜನ ಸಿಟ್ಟಾಗಿ ಬಿಟ್ಟುಹೋಗುತ್ತಾರೆ ಎಂದು ಭವಿಷ್ಯ ನುಡಿದವರೆಲ್ಲ ಸುಳ್ಳಾದರು. 2023ರ ಏಪ್ರಿಲ್-ಜೂನ್ ಅವಧಿಯಲ್ಲೇ 59 ಲಕ್ಷ ಹೊಸ ಚಂದಾದಾರರು ಸೇರಿದರು, 2024ರ ಕೊನೆಗೆ ಒಟ್ಟು 30 ಕೋಟಿ ದಾಟಿತು. ಒಬ್ಬರು ಹೋದ ದಾರಿಯಲ್ಲಿ ಇನ್ನೊಬ್ಬರು: ಡಿಸ್ನಿ ಪ್ಲಸ್ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಿಗಿ ಮಾಡಿತು, ಭಾರತದ ಅಮೆಜಾನ್ ಪ್ರೈಮ್ ಚಂದಾದಾರರಿಗೆ 2025ರ ಜನವರಿಯಿಂದ ಐದು ಸಾಧನ, ಅದರಲ್ಲಿ ಟಿವಿ ಎರಡೇ ಎಂದಾಯಿತು. ಕಾನೂನು ಕೂಡ ಆಗಾಗ ಕೆಮ್ಮಿ ತಾನಿದ್ದೇನೆಂದು ತೋರಿಸಿಕೊಂಡಿದೆ. ಅಮೆರಿಕದ ಟೆನಿಸಿ ರಾಜ್ಯ 2011ರಲ್ಲೇ ಇಂಥ ಹಂಚಿಕೆಯನ್ನು ಅಪರಾಧ ಮಾಡುವ ಕಾಯ್ದೆ ತಂದಿತ್ತು. 2022ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಬೌದ್ಧಿಕ ಆಸ್ತಿ ಕಚೇರಿ, ಪಾಸ್‌ವರ್ಡ್ ಹಂಚುವುದು ಕಾನೂನುಬಾಹಿರವಾದೀತು ಎಂದಿತು. ಇದಕ್ಕಾಗಿ ಯಾವ ಭಾವನನ್ನೂ ಪೊಲೀಸರು ಎಳೆದುಕೊಂಡು ಹೋದದ್ದು ನನ್ನ ಕಿವಿಗೆ ಬಿದ್ದಿಲ್ಲ.

ಕಂಪನಿಯ ಹಣದ ಲೆಕ್ಕದ ಮೇಲೆ ನನ್ನ ಆಕ್ಷೇಪವೇನಿಲ್ಲ. ಅಂಗಡಿ ಇಟ್ಟವನು ಕಾಸು ಕೇಳುತ್ತಾನೆ. ನನಗೆ ಕುತೂಹಲ ಅದು ‘ಮನೆ’ಯನ್ನು ಗುರುತಿಸುವ ರೀತಿಯ ಮೇಲೆ. ಟಿವಿ ಯಾವ ಇಂಟರ್ನೆಟ್ಟಿಗೆ ಸೇರಿಕೊಂಡಿದೆಯೋ ಅದು ಮನೆ. ಅದೇ ಇಂಟರ್ನೆಟ್ಟಿಗೆ ಸೇರಿದ ಉಳಿದ ಫೋನು, ಟ್ಯಾಬುಗಳೆಲ್ಲ ಮನೆಮಕ್ಕಳು. ಐಪಿ ವಿಳಾಸ, ಸಾಧನದ ಗುರುತು, ಖಾತೆಯ ಚಟುವಟಿಕೆ, ಇವುಗಳಿಂದ ಇದನ್ನು ಪತ್ತೆ ಮಾಡುತ್ತಾರೆ. ನಮ್ಮ ಆಪ್‌ಗೂ ಇದೇ ನಿಯಮ ಬಂದಾಗ ಏನಾಯಿತೆಂದರೆ, ತಿಂಗಳು ತಿಂಗಳು ಹಣ ಕಟ್ಟುವ ಮಗಳೇ ಹೊರಗಿನವಳಾದಳು. ಟಿವಿ ಮೈಸೂರಿನಲ್ಲಿದೆ, ಆದ್ದರಿಂದ ಮನೆಯೂ ಮೈಸೂರಿನಲ್ಲಿದೆ. ಒಂದು ಪೈಸೆ ಕೊಡದ ನಾವಿಬ್ಬರು ಒಳಗಿನವರು. ಪಿಜಿಯಲ್ಲಿ ಊಟದ ತಟ್ಟೆ ಮುಂದಿಟ್ಟುಕೊಂಡು ಅವಳು ಫೋನ್ ತೆರೆದರೆ, ನೀವು ಈ ಮನೆಯವರಂತೆ ಕಾಣುತ್ತಿಲ್ಲ ಎಂದು ಬಂತು. ಅವಳು ಅದರ ಚಿತ್ರ ತೆಗೆದು ನಮಗೆ ಕಳಿಸಿ, ಕೆಳಗೆ ‘ಅಮ್ಮಾ, ನನ್ನ ಕೊಟ್ಟು ಕಳಿಸಿಬಿಟ್ರಾ?’ ಎಂದು ಬರೆದಳು. ಅವಳಿಗಿನ್ನೂ ಮದುವೆಯಾಗಿಲ್ಲ. ಅಮ್ಮ ನಗಲಿಲ್ಲ.

ಪರಿಹಾರ ಇತ್ತು. ಆಗಾಗ ಮನೆಗೆ ಬಂದು, ಮನೆಯ ವೈಫೈಯಲ್ಲಿ ಆಪ್ ಒಮ್ಮೆ ತೆರೆದು ಹೋದರೆ ಇವಳು ಮನೆಯವಳೇ ಎಂದು ಅದಕ್ಕೆ ನಂಬಿಕೆ ಬರುತ್ತದೆ. ಇದನ್ನು ಕೇಳಿದ್ದೇ ನನ್ನ ಹೆಂಡತಿ ಆ ಕಂಪನಿಯ ಪಕ್ಷ ವಹಿಸಿಬಿಟ್ಟಳು. ನೆಗಡಿ, ಹಬ್ಬ, ಉಪ್ಪಿನಕಾಯಿ ಖಾಲಿ, ಯಾವುದಕ್ಕೂ ಬಾರದ ಮಗಳು ವೈಫೈಗಾದರೂ ಬರುವಂತಾಯಿತಲ್ಲ! ಭಾನುವಾರ ಸಂಜೆ ಅವಳು ಬ್ಯಾಗು ಹೆಗಲಿಗೇರಿಸಿ ಚಪ್ಪಲಿ ಮೆಟ್ಟುವಾಗ, ‘ದೇವರಿಗೆ ಕೈಮುಗಿದ್ಯಾ? ವೈಫೈ ಮುಟ್ಟಿಸಿಕೊಂಡು ಹೋಗು’ ಎನ್ನುವುದು ವಾಡಿಕೆಯಾಯಿತು.

ಭಾವನವರ ಪಾಡು ಬೇರೆ. ಶಿವಮೊಗ್ಗದ ಟಿವಿಯ ಮೇಲೆ ಕೋಡ್ ಹಾಕಿ ಎಂದು ಬರುತ್ತದೆ. ಕೋಡ್ ಹೋಗುವುದು ಮಗಳ ಫೋನಿಗೆ. ಹದಿನೈದು ನಿಮಿಷದಲ್ಲಿ ಹಾಕದಿದ್ದರೆ ಅದು ಸತ್ತುಹೋಗುತ್ತದೆ. ಮಗಳು ಆ ಹೊತ್ತಿಗೆ ಆಫೀಸಿನ ಮೀಟಿಂಗಿನಲ್ಲಿ. ಇತ್ತ ಭಾವ ಸೇವೆಯ ಕೊನೆಯ ವರ್ಷಗಳನ್ನೆಲ್ಲ ‘ಒಟಿಪಿ ಯಾರಿಗೂ ಹೇಳಬೇಡಿ, ಸ್ವಂತ ಮಗ ಕೇಳಿದರೂ ಹೇಳಬೇಡಿ’ ಎಂದು ಗ್ರಾಹಕರಿಗೆ ಸಾರಿ ಸಾರಿ ಹೇಳಿದ ಮನುಷ್ಯ. ಈಗ ಅದನ್ನೇ ಕೈಯೊಡ್ಡಿ ಬೇಡಬೇಕು. ಒಂದು ಸಲ ನಾನು ಅಲ್ಲೇ ಇದ್ದೆ. ಮಗಳು ಮೀಟಿಂಗಿನಿಂದ ಎದ್ದು ಬಂದು ಪಿಸುಗುಡುತ್ತಿದ್ದಾಳೆ, ‘ಮಾವ, ಬೇಗ ಬರ್ಕೊಳ್ಳಿ’. ಭಾವ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ನು ಗೀಚಿ ನೋಡುತ್ತಿದ್ದಾರೆ, ಅದು ಬರೆಯುತ್ತಿಲ್ಲ. ‘ತಡಿಯಮ್ಮ. ಮೊದ್ಲು ಒಂದು ಹೇಳು, ಫೋನಲ್ಲಿರೋದು ನಾನೇ ಅಂತ ನೀನು ಹೆಂಗೆ ಖಾತ್ರಿ ಮಾಡ್ಕೊಂಡೆ?’ ಆ ಕಡೆ ಒಂದು ಕ್ಷಣ ಸದ್ದಿಲ್ಲ. ‘ಮಾವ, ಇದನ್ನ ಕೇಳೋರು ನೀವೊಬ್ಬರೇ. ಅದೇ ಖಾತ್ರಿ.’ ಅವತ್ತು ಕೋಡ್ ಎರಡು ಸಲ ತರಿಸಬೇಕಾಯಿತು.

ಇದನ್ನೆಲ್ಲ ನೋಡುವಾಗ ನನಗೆ ಪಿ.ಪಿ. ನಂಬರು ನೆನಪಾಗುತ್ತದೆ. ಮನೆಮನೆಗೂ ಫೋನಿಲ್ಲದ ಕಾಲದಲ್ಲಿ ಪಕ್ಕದ ಮನೆಯ ನಂಬರನ್ನು ಮದುವೆ ಕಾಗದದಲ್ಲೂ ಅರ್ಜಿಯಲ್ಲೂ ಬರೆದು ಮುಂದೆ ಪಿ.ಪಿ. ಎಂದು ಹಾಕುತ್ತಿದ್ದೆವು. ಅದೇನೂ ಸತ್ಯಯುಗವಲ್ಲ. ಫೋನಿದ್ದ ಮನೆಯವರ ಕಷ್ಟ ಅವರಿಗೇ ಗೊತ್ತು. ರಾತ್ರಿ ಹತ್ತಕ್ಕೆ ಟ್ರಂಕ್ ಕಾಲ್ ಬಂದರೆ ಟಾರ್ಚ್ ಹಿಡಿದು ಹೋಗಿ ಕರೆದು ತರಬೇಕು, ಕರೆಸಿಕೊಂಡವರು ಮಾತಾಡಿ ಮುಗಿಸುವವರೆಗೆ ಕೇಳಿಸಿದರೂ ಕೇಳಿಸದ ಹಾಗೆ ಕೂತಿರಬೇಕು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಯ ನಡುಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆ ಮನೆಯಾಕೆಗೆ ತಿಂಡಿ ಮಾಡಲೂ ಬಿಡುವಿಲ್ಲ. ಆದರೆ ಎಷ್ಟು ಜನ ನೋಡಿದರು ಎಂದು ದೂರದರ್ಶನ ಬಿಲ್ಲು ಕಳಿಸಲಿಲ್ಲ. ಹೆಚ್ಚು ಜನ ಕಂಡಷ್ಟೂ ಸೋಪಿನ ಕಂಪನಿಗಳಿಗೆ ಖುಷಿ.

ಪತ್ರಿಕೆಗಳದ್ದೂ ಅದೇ ನೀತಿ. ಕ್ಷೌರದಂಗಡಿಗೆ ಬರುವ ಒಂದು ಪೇಪರನ್ನು ಬೀದಿಯೇ ಓದುತ್ತದೆ. ಪತ್ರಿಕೆಯವರು ಇದನ್ನು ಕಳ್ಳತನ ಎನ್ನುವುದಿರಲಿ, ಸಮೀಕ್ಷೆ ಮಾಡಿಸಿ, ನಮ್ಮ ಪ್ರತಿಗಳು ಇಷ್ಟು, ಓದುಗರು ಅದರ ಎಷ್ಟೋ ಪಟ್ಟು ಎಂದು ಜಾಹೀರಾತುದಾರರ ಮುಂದೆ ಬೀಗುತ್ತಾರೆ. ಹಣ ಓದುಗನಿಂದ ಬಂದರೆ ಹಂಚಿಕೊಂಡು ಓದುವವನು ಕಳ್ಳ, ಜಾಹೀರಾತಿನಿಂದ ಬಂದರೆ ಅವನೇ ಸಂಪತ್ತು. ಸ್ಟ್ರೀಮಿಂಗ್ ಕಂಪನಿಗಳು ಈಗ ಚಂದಾ ಹಣವನ್ನೂ ತೆಗೆದುಕೊಂಡು ಜಾಹೀರಾತನ್ನೂ ತೋರಿಸತೊಡಗಿವೆ. ಹಾಗಾದರೆ ನಾವು ಈಗ ಯಾವ ಜಾತಿ?

ಮನೆಯ ಲೆಕ್ಕ ಹಿಡಿದು ನೋಡುವವರಿಂದ ಹಣ ಕೇಳುವ ಕೆಲಸಕ್ಕೆ ಸರ್ಕಾರಗಳು ಇನ್ನೂ ಹಿಂದೆಯೇ ಕೈಹಾಕಿದ್ದವು. 1980ರ ದಶಕದ ನಡುವಿನವರೆಗೂ ನಮ್ಮಲ್ಲಿ ರೇಡಿಯೊ, ಟಿವಿಗಳಿಗೆ ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಪುಸ್ತಕ ನವೀಕರಿಸಿಕೊಂಡು ಬರಬೇಕು. ಬ್ರಿಟನ್ನಿನಲ್ಲಿ ಟಿವಿ ಲೈಸೆನ್ಸ್ ಇವತ್ತಿಗೂ ಇದೆ, ಅದು ಸಿಗುವುದು ವಿಳಾಸಕ್ಕೆ. ಹಾಸ್ಟೆಲಿಗೆ ಹೋದ ಮಗ ಅಪ್ಪನ ಮನೆಯ ಲೈಸೆನ್ಸಿನ ಮೇಲೆ ಟಿವಿ ಕಾರ್ಯಕ್ರಮ ನೋಡಬಹುದೇ? ನೋಡಬಹುದು, ಆದರೆ ಸ್ವಂತ ಬ್ಯಾಟರಿಯಿಂದ ನಡೆಯುವ ಫೋನು, ಲ್ಯಾಪ್‌ಟಾಪಿನಲ್ಲಿ ಮಾತ್ರ. ಚಾರ್ಜರನ್ನು ಗೋಡೆಗೆ ಸಿಕ್ಕಿಸಿದನೋ, ಆ ಗೋಡೆಯ ಮನೆಗೆ ಬೇರೆ ಲೈಸೆನ್ಸ್ ಬೇಕು. ಬ್ಯಾಟರಿ ಇರುವವರೆಗೆ ಅಪ್ಪನ ಮಗ. ಈ ನಿಯಮ ಬರೆದ ಅಧಿಕಾರಿಯನ್ನು ಕಾಣುವ ಆಸೆ ನನಗಿದೆ. ಅವರಿಗೂ ಹಾಸ್ಟೆಲಿನಲ್ಲಿ ಒಬ್ಬ ಮಗನಿದ್ದಿರಬೇಕು.

ಹೀಗೆ ಮನೆಯನ್ನು ಅಳೆಯಲು ಹೊರಟವರಲ್ಲಿ ನನಗೆ ಮೆಚ್ಚುಗೆಯಾದದ್ದು ನಮ್ಮ ಜನಗಣತಿ ಇಲಾಖೆ. ನಾನು ಒಮ್ಮೆ ಗಣತಿ ಕೆಲಸ ಮಾಡಿದವನು, ಕೈಪಿಡಿಯ ಆ ಭಾಗ ಈಗಲೂ ತಲೆಯಲ್ಲಿದೆ. ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ, ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಇಷ್ಟಕ್ಕೇ ನಿಲ್ಲಿಸಿದ್ದರೆ ಅದೂ ವೈಫೈ ಲೆಕ್ಕವೇ ಆಗುತ್ತಿತ್ತು. ಅದಕ್ಕೊಂದು ಬಾಲ ಸೇರಿಸಿದ್ದಾರೆ: ಕೆಲಸದ ಅನಿವಾರ್ಯತೆಯಿಂದ ಹಾಗೆ ಉಣ್ಣಲು ಆಗದಿದ್ದರೆ ಅದು ಬೇರೆ ಮಾತು. ರಾತ್ರಿ ಪಾಳಿಯವನು, ಲಾರಿ ಓಡಿಸುವವನು ಆ ಬಾಲ ಹಿಡಿದುಕೊಂಡೇ ಮನೆಯೊಳಗೆ ಉಳಿದುಕೊಂಡವರು. ಗಣತಿಗೆ ಹೋದಾಗ ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ತಾಯಿ ಬೆರಳು ಮಡಿಸುತ್ತ ಹೆಸರು ಹೇಳಿದರು. ಮೂರನೇ ಹೆಸರಿನ ಹುಡುಗ ಎಲ್ಲಿ ಎಂದರೆ ಬೆಂಗಳೂರಲ್ಲಿ ಹೋಟೆಲ್ ಕೆಲಸ, ವರ್ಷವಾಯಿತು ಬಂದು. ಅಷ್ಟು ದಿನ ಇಲ್ಲದಿದ್ದರೆ ಇಲ್ಲಿ ಬರೆಯುವ ಹಾಗಿಲ್ಲವಮ್ಮ ಎಂದೆ. ‘ಅವ್ನ ತಟ್ಟೆ ಐತಲ್ಲ ಸಾ, ನೋಡಿ’ ಎಂದು ಒಳಗಿನಿಂದ ತಂದು ತೋರಿಸಿದರು. ಗಣತಿಯ ನಿಯಮದಲ್ಲಿ ತಟ್ಟೆಗೆ ಕಾಲಂ ಇಲ್ಲ. ನಾನು ಬರೆಯಲಿಲ್ಲ. ಆದರೆ ಕಂಪನಿಯೊಂದರ ಸರ್ವರಿಗಿಂತ ಆ ತಾಯಿಯ ವಾದ ಗಟ್ಟಿ ಎಂದು ಈಗಲೂ ಅನ್ನಿಸುತ್ತದೆ. ಮಗಳ ಪ್ರೊಫೈಲು ನಮ್ಮ ಟಿವಿಯಲ್ಲಿರುವುದು ಅದೇ ತಟ್ಟೆಯ ಹಾಗೆ.

ಕನ್ನಡಿಗರಿಗೆ ಹಂಚಿಕೊಳ್ಳದೆ ಗತಿಯಿಲ್ಲದಿರಲು ಇನ್ನೊಂದು ಕಾರಣವೂ ಉಂಟು, ಇದರಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಪೂರ್ತಿ ಹಣ ಕೊಟ್ಟು ಒಳಗೆ ಹೋದರೆ ಕನ್ನಡದ ಸರಕು ಎಷ್ಟಿದೆ? ‘ಕಾಂತಾರ’ ಬಂದ 2022ರಲ್ಲಿ ಕನ್ನಡದ ಅವತರಣಿಕೆ ಪ್ರೈಮ್‌ನಲ್ಲಿತ್ತು, ಹಿಂದಿಯದ್ದು ನೆಟ್‌ಫ್ಲಿಕ್ಸ್‌ನಲ್ಲಿ. ನೆಟ್‌ಫ್ಲಿಕ್ಸ್ ಮಾತ್ರ ಇದ್ದ ಕುಂದಾಪುರದವನಿಗೆ ತನ್ನೂರ ಕಡೆಯ ನಾಯಕ ಶಿವ ಹಿಂದಿಯಲ್ಲಿ ಬೈಯುವುದನ್ನು ಕೇಳುವ ಭಾಗ್ಯ. 2020ರಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ನೇರ ಪ್ರೈಮ್‌ಗೆ ಬಂದಾಗ ಇನ್ನು ನಮ್ಮ ಕಾಲ ಬಂತು ಎಂದುಕೊಂಡೆವು. ನಾಲ್ಕು ವರ್ಷದ ಮೇಲೆ ರಕ್ಷಿತ್ ಶೆಟ್ಟಿಯವರ ಬಳಗ ‘ಏಕಂ’ ಸರಣಿಯನ್ನು ಕೊಳ್ಳುವ ವೇದಿಕೆ ಸಿಗದೆ ತಮ್ಮದೇ ಜಾಲತಾಣ ಕಟ್ಟಿ ತೋರಿಸಬೇಕಾಯಿತು. ಒಂದು ಕನ್ನಡ ಸಿನಿಮಾ ಅಲ್ಲಿ, ಇನ್ನೊಂದು ಇಲ್ಲಿ, ಮತ್ತೊಂದು ಎಲ್ಲೂ ಇಲ್ಲ. ಎಲ್ಲ ಅಂಗಡಿಗೂ ಚಂದಾ ಕಟ್ಟುವವರಾರು? ಆದ್ದರಿಂದ ಮಗಳ ಖಾತೆಯಲ್ಲದೆ ಬೇರೆ ಆಪ್‌ಗಳಿಗೆ ನಾನೊಂದು, ಅಕ್ಕ ಒಂದು, ಚಿಕ್ಕಮ್ಮನ ಮನೆಯವರೊಂದು ಎಂದು ಕೊಡು-ಕೊಳ್ಳು ಮಾಡಿಕೊಂಡಿದ್ದೆವು. ಕಪಾಟಿನಲ್ಲಿ ನಮ್ಮದು ಹೆಚ್ಚಾಗಲಿ, ಆಮೇಲೆ ಬೀಗದ ಮಾತು ಆಡಲಿ ಎನ್ನುವುದು ನನ್ನ ಅಭಿಪ್ರಾಯ. ಅದನ್ನು ಕೇಳಲು ಆ ಕಂಪನಿಗಳ ಕಸ್ಟಮರ್ ಕೇರ್‌ನಲ್ಲಿ ಕನ್ನಡ ಬರುವವರು ಬೇಕು.

ಕೊನೆಗೆ ಕೋಡಿನ ಕಾಟ ತಾಳಲಾರದೆ ಭಾವ ಸ್ವಂತ ಖಾತೆ ಮಾಡಿಸಿದರು. ಹಾಸ್ಟೆಲ್ ಹುಡುಗನಿಗೆ ಮೊಬೈಲ್ ರೀಚಾರ್ಜಿನ ಜೊತೆ ಯಾವುದೋ ಆಪ್ ಪುಕ್ಕಟೆ ಬಂತು. ನಮ್ಮ ಟಿವಿಯಲ್ಲಿ ಈಗ ಎರಡೇ ಪ್ರೊಫೈಲು, ಹೆಂಡತಿಗೆ ಬೆಳಗಿನ ವರದಿಯಿಲ್ಲ. ‘ನಿಮ್ಮಕ್ಕನ ಮಂಡಿ ಹೇಗಿದೆಯೋ’ ಎಂದು ಅವಳೇ ನೇರ ಫೋನ್ ಮಾಡುತ್ತಾಳೆ, ಅಕ್ಕ ‘ಚೆನ್ನಾಗಿದೀನಿ ಕಣೆ’ ಎನ್ನುತ್ತಾಳೆ, ಇಬ್ಬರಿಗೂ ಸಮಾಧಾನವಿಲ್ಲ. ಮೊನ್ನೆ ನಾನು ಹಳೆಯ ಸಲುಗೆಯಲ್ಲಿ ಅಕ್ಕನ ಹೊಸ ಪಾಸ್‌ವರ್ಡ್ ಕೇಳಿದೆ. ‘ನಿಂಗೆ ಕೊಟ್ರೆ ಅದು ಗಲಾಟೆ ಮಾಡತ್ತೆ ಕಣೋ, ನಿಂದು ಬೇರೆ ಮನೆ’ ಎಂದಳು. ಹಾಗಾದರೆ ಬೇರೆ ಯಾರಿಗೂ ಕೊಟ್ಟಿಲ್ಲವೇ ಎಂದೆ. ಎದುರುಮನೆಯ ದಂಪತಿಗೆ ಕೊಟ್ಟಿದ್ದಾಳಂತೆ. ಅವರು ಬಾಡಿಗೆಗೆ ಬಂದಂದಿನಿಂದ ಇವರ ವೈಫೈಯನ್ನೇ ಬಳಸುತ್ತಿದ್ದಾರೆ, ಆದ್ದರಿಂದ ಆಪ್ ಒಂದು ದಿನವೂ ತಕರಾರು ತೆಗೆದಿಲ್ಲ. ‘ಅವ್ರು ಮನೆಯವ್ರ ಲೆಕ್ಕವೇ ಅಂತೆ. ನಿಮ್ಮ ಭಾವ ನಿಯಮ ಎಲ್ಲ ಓದಿ ನೋಡಿದಾರೆ’ ಎಂದಳು.